ಕಿಟಕಿ ಕಡೆಯ ಒಂದೂವರೆ ನಿಮಿಷ

ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಕರೆದರೆ ಅವಳೇ ಒಂದು ಕ್ಷಣ, ಯಾರನ್ನು ಕರೆದರೋ ಎಂದು ಹಿಂದೆ ತಿರುಗಿ ನೋಡುತ್ತಿದ್ದಳು. ಹೆರಿಗೆ ಆಸ್ಪತ್ರೆಯ ಮಟ್ಟಿಗೆ ಅವಳು ತೂಕದಮ್ಮ. ಇಪ್ಪತ್ತೆಂಟು ವರ್ಷಗಳಿಂದ ಬಸುರಿಯರನ್ನು ಯಂತ್ರದ ಮೇಲೆ ಹತ್ತಿಸಿ, ಅಂಕಿಯನ್ನು ಗಟ್ಟಿಯಾಗಿ ಓದಿ, ಕಾರ್ಡಿನಲ್ಲಿ ಬರೆದು ಕೆಳಗಿಳಿಸುವುದು ಅವಳ ಕೆಲಸ. ಈ ಕೆಲಸದಲ್ಲಿ ಬಡ್ತಿ ಎಂಬುದಿಲ್ಲ. ಯಂತ್ರಕ್ಕೆ ಮಾತ್ರ ಎರಡು ಸಲ ಸಿಕ್ಕಿತು. ಮೊದಲಿದ್ದದ್ದು ಗುಂಡು ಜರುಗಿಸುವ ಕಬ್ಬಿಣದ್ದು, ಆಮೇಲೆ ಬಂದದ್ದು ಮುಳ್ಳಿನದು, ಈಗಿರುವುದು ಕೆಂಪು ಅಂಕಿ ಮಿನುಗಿಸುವಂಥದ್ದು. ತೂಕದಮ್ಮ ಅದೇ ಸ್ಟೂಲಿನ ಮೇಲೆ ಕೂತಿದ್ದಳು.

ಅವಳಲ್ಲಿ ಒಂದು ಕೆಟ್ಟ ಗುಣವಿತ್ತು. ಅಂಕಿ ಎಷ್ಟಿದೆಯೋ ಅಷ್ಟೇ ಹೇಳುತ್ತಿದ್ದಳು. ಎಪ್ಪತ್ತೊಂದು ಕೆಜಿ ಇನ್ನೂರು ಗ್ರಾಂ ಎಂದರೆ ಎಪ್ಪತ್ತೊಂದು ಕೆಜಿ ಇನ್ನೂರು ಗ್ರಾಂ. 'ಎಪ್ಪತ್ತೊಂದು ಅಂತ ಬರ್ಕೊಳ್ರೀ, ಸಾಕು' ಎಂದು ನರ್ಸುಗಳು ಎಷ್ಟು ಹೇಳಿದರೂ ಆ ಇನ್ನೂರು ಗ್ರಾಮನ್ನು ಅವಳು ಬಿಟ್ಟುಕೊಟ್ಟವಳಲ್ಲ. ಸೂಪರಿಂಟೆಂಡೆಂಟರ ಸೊಸೆ ಬಂದಾಗಲೂ ಇಡೀ ಸಾಲಿಗೆ ಕೇಳುವಂತೆ ತೂಕ ಕೂಗಿದಳು. ಆ ಸೊಸೆ ಎರಡನೆಯ ಹೆರಿಗೆಗೆ ಬೇರೆ ಆಸ್ಪತ್ರೆಗೆ ಹೋದಳು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ತೂಕದಮ್ಮ ಇಂದಿಗೂ ನಂಬಿದ್ದಾಳೆ.

ಇಂಥವಳ ಕೈಗೆ ಒಂಬತ್ತು ವರ್ಷದ ಹಿಂದೆ ಇನ್ನೊಂದು ಕೆಲಸ ಬಂತು. ದೊಡ್ಡ ಡಾಕ್ಟರಮ್ಮ ಎಲ್ಲಿಯೋ ತರಬೇತಿಗೆ ಹೋಗಿ ಬಂದವರು, ಬಂದ ಮರುದಿನವೇ ಎಲ್ಲರನ್ನೂ ಮೂಲೆಯ ತರಬೇತಿ ಕೋಣೆಗೆ ಕರೆದರು. ಅಲ್ಲಿ ಮೇಜಿನ ಮೇಲೆ ಒಂದು ಬೊಂಬೆ ಮಲಗಿತ್ತು. ತಲೆ, ಎದೆ, ಅಷ್ಟೇ. ಸೊಂಟದ ಕೆಳಗೆ ತಯಾರಕರಿಗೆ ಆಸಕ್ತಿ ಇದ್ದಂತಿರಲಿಲ್ಲ.

"ಬಸುರಿಯ ಹೃದಯ ನಿಂತುಹೋದ್ರೆ ಎಲ್ಲರಿಗೂ ಮಾಡೋ ಹಾಗೆ ಮಾಡಿದ್ರೆ ಆಗಲ್ಲ" ಎಂದರು ಡಾಕ್ಟರಮ್ಮ. "ಅಂಗಾತ ಮಲಗಿಸಿದ ಕೂಡ್ಲೇ ಹೊಟ್ಟೆಯ ಭಾರ ಎಲ್ಲಾ ಹೋಗಿ ಒಳಗಿರೋ ದೊಡ್ಡ ರಕ್ತನಾಳದ ಮೇಲೆ ಕೂರುತ್ತೆ. ಕಾಲಿನಿಂದ ರಕ್ತ ವಾಪಸ್ಸು ಬರಲ್ಲ. ಹೃದಯ ಖಾಲಿ. ಖಾಲಿ ಹೃದಯಾನ ಎಷ್ಟು ಒತ್ತಿದ್ರೆ ಏನು ಬಂತು? ಅದಕ್ಕೆ ಒಬ್ರು ಎದೆ ಒತ್ತುವಾಗ ಇನ್ನೊಬ್ರು ಹೊಟ್ಟೇನ ಎರಡೂ ಕೈಯಿಂದ ಅವಳ ಎಡಕ್ಕೆ ಎಳೆದು ಹಿಡ್ಕೊಂಡೇ ಇರಬೇಕು. ಬಿಡೋ ಹಾಗಿಲ್ಲ. ನಾಲ್ಕು ನಿಮಿಷ ಆದ್ರೂ ಜೀವ ತಿರುಗಲಿಲ್ಲ ಅಂದ್ರೆ ಅವಳು ಬಿದ್ದ ಜಾಗದಲ್ಲೇ ಮಗು ಹೊರಗೆ ತೆಗೀಬೇಕು. ಮಗು ಹೊರಗೆ ಬಂದ್ರೆ ತಾಯಿ ಉಳಿಯೋ ಸಾಧ್ಯತೇನೂ ಜಾಸ್ತಿ."

ಐದು ಕೆಲಸ ಹಂಚಿಕೆಯಾದವು: ಎದೆ, ಉಸಿರು, ಸೂಜಿ, ಗಡಿಯಾರ, ಹೊಟ್ಟೆ. ಮೊದಲ ನಾಲ್ಕಕ್ಕೆ ಜನ ಬೇಗ ಸಿಕ್ಕರು. ಹೊಟ್ಟೆ ಎಳೆಯುವುದು ಯಾರಿಗೂ ಬೇಡವಾಗಿತ್ತು, ಅದರಲ್ಲಿ ಅಂಥ ಗೌರವವೇನೂ ಕಾಣಿಸಲಿಲ್ಲ. ತುರ್ತು ಗಂಟೆ ಬಾರಿಸಿದರೆ ಓಡಿ ಬರುವಷ್ಟು ಹತ್ತಿರ ಯಾವಾಗಲೂ ಇರುವವರು ಯಾರು, ಕೈಯಲ್ಲಿ ಏನೂ ಹಿಡಿದುಕೊಂಡಿರದವರು ಯಾರು ಎಂದು ಡಾಕ್ಟರಮ್ಮ ಕೇಳಿದರು. ಎಲ್ಲರ ಕಣ್ಣೂ ತೂಕದಮ್ಮನ ಮೇಲೆ ಬಿತ್ತು. ಅವಳ ತೋಳುಗಳ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬಿತ್ತು ಎನ್ನಬೇಕು.

ತೂಕದಮ್ಮ ಹಿಗ್ಗಿ ಹೋದಳು. ಅಂಕಿ ಓದುವುದಕ್ಕೆ ಬರೀ ಕಣ್ಣು ಸಾಕು. ಈಗ ಕೈಗೂ ಕೆಲಸ ಬಂತು. ಮನೆಗೆ ಹೋದವಳೇ ಗಂಡನ ಮುಂದೆ ವಿಷಯ ಇಟ್ಟಳು. ಗಂಡ ದರ್ಜಿ. ಮಾತು ಕಡಿಮೆ, ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುವ ಮನುಷ್ಯನಿಗೆ ಮಾತು ಕಡಿಮೆ ಇರುವುದೇ ಕ್ಷೇಮ. ಬೊಂಬೆಗೆ ಹೊಟ್ಟೆಯಿಲ್ಲ ಎಂದು ಅವಳು ಹೇಳಿದ್ದನ್ನು ಆತ ಸೂಜಿಗಳ ನಡುವೆಯೇ ಕೇಳಿಸಿಕೊಂಡ.

"ಎಷ್ಟು ತಿಂಗಳು?" ಎಂದ.

"ಎಂಟು ಅಂತಿಟ್ಕೋ."

ಮೂರು ದಿನದಲ್ಲಿ ಹೊಟ್ಟೆ ತಯಾರಾಯಿತು. ಕಂದು ಬಣ್ಣದ ರೆಕ್ಸಿನ್ನು, ಒಳಗೆ ಹತ್ತಿ, ಹತ್ತಿಯೊಳಗೆ ಮರಳಿನ ಚೀಲ. ಕಟ್ಟುವುದಕ್ಕೆ ನಾಲ್ಕು ದಾರ. ಯಾರೂ ಕೇಳಿರದಿದ್ದರೂ ನಡುವೆ ಒಂದು ಗುಂಡಿ ಹೊಲಿದು ಹೊಕ್ಕಳನ್ನೂ ಮಾಡಿದ್ದ. ಡಾಕ್ಟರಮ್ಮ ಅದನ್ನು ತಟ್ಟಿ ನೋಡಿ, ಚೆನ್ನಾಗಿದೆ ಎಂದರು.

ತೊಂದರೆ ಶುರುವಾದದ್ದು ಮೊದಲ ಗುರುವಾರದ ಅಭ್ಯಾಸದಲ್ಲಿ. "ಎಡಕ್ಕೆ!" ಎಂದು ಡಾಕ್ಟರಮ್ಮ ಕೂಗಿದರು. ತೂಕದಮ್ಮ ತನ್ನ ಎಡಕ್ಕೆ ಎಳೆದಳು. ಎದುರಿಗಿದ್ದ ನರ್ಸು, ಸಹಾಯ ಮಾಡೋಣವೆಂದು, ತನ್ನ ಎಡಕ್ಕೆ ಎಳೆದಳು. ಎಂಟು ತಿಂಗಳ ಹೊಟ್ಟೆ ಪರ್ರೆಂದು ಹರಿದು ಮರಳು ನೆಲದ ಪಾಲಾಯಿತು. ಯಾರ ಎಡ, ನನ್ನ ಎಡವೋ ಅವಳ ಎಡವೋ, ನೀವು ಆ ಕಡೆ ನಿಂತರೆ ನಿಮ್ಮ ಎಡ ಅವಳ ಬಲವಲ್ಲವೇ ಎಂದು ಅರ್ಧ ಗಂಟೆ ಜಗಳವಾಯಿತು. ಓದಿದವರೇ ಹೆಚ್ಚು ಗೊಂದಲಕ್ಕೆ ಬಿದ್ದರು.

ಕೊನೆಗೆ ಹೆಡ್ ಸಿಸ್ಟರ್ ತಲೆ ಚಚ್ಚಿಕೊಂಡು ಒಂದು ದಾರಿ ಹುಡುಕಿದರು. ಬೊಂಬೆಯ ತಲೆ ಯಾವಾಗಲೂ ಬೀರುವಿನ ಕಡೆಗಿರುತ್ತಿತ್ತು. ಅದರ ಎಡಕ್ಕೆ ಕೋಣೆಯ ಒಂದೇ ಒಂದು ಕಿಟಕಿ. "ಎಡ ಬಲ ಎಲ್ಲಾ ಬಿಟ್ಟಾಕಿ. ಕಿಟಕಿ ಕಡೆ ನಿಂತ್ಕೊಳ್ಳಿ, ಕಿಟಕಿ ಕಡೆ ಎಳೀರಿ. ಮುಗೀತು" ಎಂದರು. ಗೋಡೆಯ ಮೇಲಿನ ಪಟ್ಟಿಯಲ್ಲಿ 'ಹೊಟ್ಟೆ: ಕಿಟಕಿ ಕಡೆ' ಎಂದು ದಪ್ಪಕ್ಷರದಲ್ಲಿ ಬರೆಸಿದರು. ಹೆರಿಗೆ ಕೋಣೆಯಲ್ಲೂ ಮಂಚಗಳ ಎಡಕ್ಕೇ ಕಿಟಕಿ ಇದ್ದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಮುಂದೆ ಒಂಬತ್ತು ವರ್ಷ, ಪ್ರತಿ ಗುರುವಾರ, ತೂಕದಮ್ಮ ಕಿಟಕಿ ಕಡೆ ನಿಂತು ಕಿಟಕಿ ಕಡೆ ಎಳೆದಳು. ಡಾಕ್ಟರುಗಳು ಬದಲಾದರು, ನರ್ಸುಗಳು ಮದುವೆಯಾಗಿ ಹೋದರು, ಬೊಂಬೆಯ ಕೂದಲು ಉದುರಿತು. ಹೊಟ್ಟೆಯ ಜಾಗಕ್ಕೆ ಮಾತ್ರ ಇನ್ನೊಬ್ಬರನ್ನು ಹಾಕುವ ಯೋಚನೆ ಯಾರಿಗೂ ಬರಲಿಲ್ಲ. ಈ ಒಂಬತ್ತು ವರ್ಷದಲ್ಲಿ ನಿಜವಾದ ಗಂಟೆ ಒಮ್ಮೆಯೂ ಬಾರಿಸಲಿಲ್ಲ ಎಂಬುದು ಎಲ್ಲರ ಪುಣ್ಯ.

ಇನ್ನು ಲೆಕ್ಕದ ಟೀಚರ್ ವಿಷಯ. ಮೂವತ್ತಾರರ ಹೆಂಗಸು, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು, ಮೊದಲ ಬಸಿರು. ಮೂರನೆಯ ತಿಂಗಳಲ್ಲಿ ಮೊದಲ ಸಲ ಬಂದಾಗಲೇ ತೂಕದಮ್ಮನಿಗೆ ತನ್ನ ಸರಿಸಮದವಳು ಸಿಕ್ಕಳು ಎನ್ನಿಸಿತು. ಟೀಚರ್ ಯಂತ್ರ ಹತ್ತುವ ಮೊದಲು ಚಪ್ಪಲಿ ಬಿಟ್ಟಳು. ಕನ್ನಡಕ ತೆಗೆದಳು. ಗಡಿಯಾರ ಬಿಚ್ಚಿದಳು. ಕೂದಲಿನ ಕ್ಲಿಪ್ಪು ತೆಗೆದಳು. ಎಲ್ಲವನ್ನೂ ತೂಕದಮ್ಮನ ಕೈಗೆ ಕೊಟ್ಟು ಯಂತ್ರದ ಮೇಲೆ ನಿಂತಳು.

"ಐವತ್ತೆಂಟು ಕೆಜಿ ನಾನೂರು ಗ್ರಾಂ" ಎಂದಳು ತೂಕದಮ್ಮ.

"ಬಟ್ಟೆ ತೂಕ ಕಳೀರಿ."

"ಬಟ್ಟೆ ತೂಕ ನನಗೇನು ಗೊತ್ತು?"

"ಮನೇಲಿ ತೂಗಿಸ್ಕೊಂಡೇ ಬಂದಿದೀನಿ. ಆರುನೂರಾ ಐವತ್ತು ಗ್ರಾಂ."

"ಕಾರ್ಡಲ್ಲಿ ಬಟ್ಟೆಗೆ ಬೇರೆ ಕಾಲಂ ಇಲ್ಲಮ್ಮ. ಯಂತ್ರ ಹೇಳಿದ್ದೇ ಬರೆಯೋದು."

"ಹಾಗಾದ್ರೆ ಪ್ರತಿ ಸಲ ಇದೇ ಬಟ್ಟೆ ಹಾಕ್ಕೊಂಡು ಬರ್ತೀನಿ" ಎಂದಳು ಟೀಚರ್, ಮತ್ತು ಹಾಗೆಯೇ ಬಂದಳು. ಐದನೆಯ ತಿಂಗಳು ದಾಟಿದ ಮೇಲೆ ಆ ಬಟ್ಟೆ ಅವಳಿಗೆ ಬಿಗಿಯಾಯಿತು. ಅಂದು ಸೋಲೊಪ್ಪಿಕೊಂಡವಳಂತೆ ಮುಖ ಮಾಡಿಕೊಂಡು ಹೊಸದೊಂದರಲ್ಲಿ ಬಂದು, ಎರಡರ ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದು ತಂದುಕೊಟ್ಟಳು. ತೂಕದಮ್ಮ ಆ ಚೀಟಿಯನ್ನು ಕಾರ್ಡಿನ ಹಿಂಬದಿಗೆ ಪಿನ್ನು ಹಾಕಿ ಸೇರಿಸಿದಳು. ಇದು ಅವರಿಬ್ಬರ ನಡುವೆ ಸ್ನೇಹ ಬೆಳೆದ ರೀತಿ. ಬೇರೆಯವರಿಗೆ ಅದು ಜಗಳದಂತೆಯೇ ಕೇಳಿಸುತ್ತಿತ್ತು.

ಎಂಟನೆಯ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಟೀಚರ್ ಬಂದಳು. ತೂಕದ ಕೋಣೆ ಉದ್ದಕ್ಕೆ ಕಿರಿದಾಗಿತ್ತು, ಒಂದು ಕೊನೆಯಲ್ಲಿ ಬಾಗಿಲು, ಉದ್ದ ಗೋಡೆಯಲ್ಲಿ ಕಿಟಕಿ. ಚಪ್ಪಲಿ, ಕನ್ನಡಕ, ಗಡಿಯಾರ ಎಲ್ಲ ತೂಕದಮ್ಮನ ಕೈಗೆ ಬಂದವು. ಟೀಚರ್ ಯಂತ್ರ ಹತ್ತಿದಳು. ಅಂಕಿ ಇನ್ನೂ ಓಡುತ್ತಿತ್ತು.

"ತಡೀರಿ, ಕ್ಲಿಪ್ಪು ಮರೆತೆ" ಎಂದು ಕೈ ಮೇಲೆತ್ತಿದಳು. ಕೈ ತಲೆಯವರೆಗೆ ಹೋಗಲಿಲ್ಲ. ಮೈಯೆಲ್ಲ ಒಮ್ಮೆಗೇ ಸಡಿಲವಾಗಿ ಬಾಗಿಲ ಕಡೆಗೆ ವಾಲಿದಳು.

ತೂಕದಮ್ಮ ಸ್ಟೂಲು ಒದ್ದು ಎದ್ದು ಅರ್ಧದಲ್ಲಿ ಹಿಡಿದದ್ದರಿಂದ ತಲೆ ನೆಲಕ್ಕೆ ಬಡಿಯಲಿಲ್ಲ. ಅಂಗಾತ ಮಲಗಿಸಿದಳು. ಕರೆದಳು, ಕೆನ್ನೆ ತಟ್ಟಿದಳು, ಮೂಗಿನ ಬಳಿ ಕೈ ಹಿಡಿದಳು. ಉಸಿರಿರಲಿಲ್ಲ. ಗೋಡೆಯ ಗಂಟೆಯನ್ನು ಅಂಗೈಯಿಂದ ಗುದ್ದಿದಳು. ಅಭ್ಯಾಸದಲ್ಲಿ ಆ ಗಂಟೆಯನ್ನು ಒಂದು ಬೆರಳಲ್ಲಿ ಒತ್ತುತ್ತಿದ್ದರು, ಹಾಳಾಗದಿರಲಿ ಎಂದು.

ಇಪ್ಪತ್ತು ಸೆಕೆಂಡಿನೊಳಗೆ ಕೋಣೆ ತುಂಬಿತು. ಕಿರಿಯ ಡಾಕ್ಟರ್ ಮಂಡಿಯೂರಿ ಎದೆ ಒತ್ತತೊಡಗಿದ. ಒಬ್ಬಳು ಮುಖಕ್ಕೆ ಉಸಿರಿನ ಚೀಲ ಹಿಡಿದಳು. ಒಬ್ಬಳು ತೋಳಿನಲ್ಲಿ ನರ ಹುಡುಕಿದಳು. ಹೆಡ್ ಸಿಸ್ಟರ್ ಗಡಿಯಾರ ಹಿಡಿದು, ಇನ್ನೊಂದು ಕೈಯನ್ನು ತೊಡೆಯ ಸಂದಿಗೆ ಒತ್ತಿ ನಾಡಿ ನೋಡುತ್ತ ಕೂತರು. ತೂಕದಮ್ಮ ಯಾರೂ ಹೇಳುವ ಮೊದಲೇ ಕಿಟಕಿ ಕಡೆಗೆ ಹೋಗಿ ಕೂತು, ಎರಡೂ ಕೈಯಿಂದ ಹೊಟ್ಟೆಯನ್ನು ಬಳಸಿ ತನ್ನ ಕಡೆಗೆ ಎಳೆದು ಹಿಡಿದಳು. ಒಂಬತ್ತು ವರ್ಷದ ಗುರುವಾರಗಳೆಲ್ಲ ಆ ಕೈಯಲ್ಲಿದ್ದವು.

"ಮೂವತ್ತು ಸೆಕೆಂಡ್" ಎಂದರು ಹೆಡ್ ಸಿಸ್ಟರ್. "ಒತ್ತಿದಾಗ ನಾಡಿ ಸಿಗ್ತಿಲ್ಲ. ಇನ್ನೂ ಜೋರಾಗಿ ಒತ್ತಿ."

ಡಾಕ್ಟರ್ ಇನ್ನೂ ಜೋರಾಗಿ ಒತ್ತಿದ.

"ಒಂದು ನಿಮಿಷ. ಸಿಗ್ತಿಲ್ಲ."

ಆಗ ತೂಕದಮ್ಮನ ಬಲ ಅಂಗೈಗೆ ಒಳಗಿನಿಂದ ಏನೋ ತಾಗಿತು. ರೆಕ್ಸಿನ್ನಿನ ಹೊಟ್ಟೆ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಒದ್ದಿರಲಿಲ್ಲ. ಆದ್ದರಿಂದ ಒದ್ದರೆ ಏನು ಮಾಡಬೇಕು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೈ ಬಿಡಲಿಲ್ಲ, ತಲೆ ಮಾತ್ರ ತಗ್ಗಿಸಿದಳು. ತಗ್ಗಿಸಿದಾಗ ತನ್ನ ಮಂಡಿಯ ಪಕ್ಕದಲ್ಲಿ ಬಿದ್ದಿದ್ದ ಟೀಚರ ಮಣಿಕಟ್ಟು ಕಣ್ಣಿಗೆ ಬಿತ್ತು. ಅದು ಮೇಲಿಂದ ಕೆಳಗೆ ಒಂದೇ ಬಣ್ಣಕ್ಕಿತ್ತು. ಗಡಿಯಾರದ ಪಟ್ಟಿಯ ಬಿಳಿಚಿದ ಗುರುತು ಅಲ್ಲಿರಲಿಲ್ಲ. ತಿಂಗಳು ತಿಂಗಳೂ ಆ ಗಡಿಯಾರ ಬಿಚ್ಚಿಸಿಕೊಂಡವಳು ತೂಕದಮ್ಮ. ಟೀಚರ್ ಅದನ್ನು ಕಟ್ಟುತ್ತಿದ್ದದ್ದು ಎಡಗೈಗೆ.

ಇದು ಬಲಗೈ. ಟೀಚರ ತಲೆ ಬಾಗಿಲ ಕಡೆಗಿದೆ. ಈ ಕೋಣೆಯಲ್ಲಿ ಕಿಟಕಿ ಅವಳ ಬಲಕ್ಕಿದೆ. ತಾನು ಇಷ್ಟು ಹೊತ್ತು ಅಷ್ಟೂ ಭಾರವನ್ನು ಎಳೆದು ಆ ರಕ್ತನಾಳದ ಮೇಲೆಯೇ ಹೇರಿದ್ದಾಳೆ.

"ಒಂದೂವರೆ" ಎಂದರು ಹೆಡ್ ಸಿಸ್ಟರ್.

ತೂಕದಮ್ಮ ಎದ್ದು ಟೀಚರ ಕಾಲು ದಾಟಿ ಆ ಕಡೆಗೆ ಹೋದಳು.

"ಎಲ್ಲಿಗೆ ಹೋಗ್ತಿದೀರಿ? ಹೊಟ್ಟೆ ಬಿಡಬೇಡಿ!" ಎಂದು ಡಾಕ್ಟರ್ ಕೂಗಿದ.

"ಎಡಕ್ಕೆ" ಎಂದಳು ತೂಕದಮ್ಮ. ಗೋಡೆಗೆ ಬೆನ್ನು ಕೊಟ್ಟು ಕೂತು ಎಳೆದಳು. ಅವಳ ತೋಳು ಅಷ್ಟು ಎಳೆಯಬಲ್ಲುದು ಎಂದು ಅವಳಿಗೇ ಗೊತ್ತಿರಲಿಲ್ಲ.

ಹತ್ತು ಹದಿನೈದು ಸಲ ಎದೆ ಒತ್ತುವಷ್ಟರಲ್ಲಿ ಹೆಡ್ ಸಿಸ್ಟರ್ ಮುಖ ಎತ್ತಿದರು. "ಸಿಕ್ತು. ಒತ್ತಿದಾಗ ನಾಡಿ ಬರ್ತಿದೆ."

ಆಮೇಲೆ ನಡೆದದ್ದು ಪಟ್ಟಿಯಲ್ಲಿದ್ದಂತೆಯೇ ನಡೆಯಿತು. ಯಂತ್ರ ತಂದು ಎದೆಗೆ ಎರಡು ಸಲ ವಿದ್ಯುತ್ತಿನ ಹೊಡೆತ ಕೊಟ್ಟರು. ಹೃದಯ ಮತ್ತೆ ಬಡಿಯಲಿಲ್ಲ. ದೊಡ್ಡ ಡಾಕ್ಟರಮ್ಮ ಓಡಿ ಬಂದವರು, ನಾಲ್ಕು ನಿಮಿಷ ಎಂಬ ಮಾತು ಕಿವಿಗೆ ಬೀಳುತ್ತಲೇ, ತೂಕದ ಯಂತ್ರದ ಪಕ್ಕದಲ್ಲಿ, ನೆಲದ ಮೇಲೆಯೇ, ಚಾಕು ಹಿಡಿದರು. ಐದನೆಯ ನಿಮಿಷಕ್ಕೆ ಮಗು ಹೊರಬಂತು. ಹೆಣ್ಣು. ಮೂರನೆಯ ಹೊಡೆತಕ್ಕೆ ಟೀಚರ ಹೃದಯ ತಾನಾಗಿಯೇ ಬಡಿಯತೊಡಗಿತು. ಮಗುವನ್ನು ಇನ್ನೊಂದು ಮೇಜಿಗೆ ಒಯ್ದು ಇಪ್ಪತ್ತು ನಿಮಿಷ ಪ್ರಯತ್ನಪಟ್ಟರು. ಅದು ಉಸಿರಾಡಲಿಲ್ಲ.

ಟೀಚರ ಹೃದಯದ ಲಯದಲ್ಲಿ ಹುಟ್ಟಿನಿಂದಲೇ ಒಂದು ದೋಷವಿತ್ತಂತೆ. ಮೂವತ್ತಾರು ವರ್ಷ ಅದು ಯಾರಿಗೂ ಸುಳಿವು ಕೊಟ್ಟಿರಲಿಲ್ಲ. ಹನ್ನೊಂದು ದಿನದ ಮೇಲೆ ಅವಳು ಎದೆಯ ಚರ್ಮದಡಿ ಒಂದು ಪುಟ್ಟ ಯಂತ್ರ ಹಾಕಿಸಿಕೊಂಡು, ತಾನೇ ನಡೆದು ಆಸ್ಪತ್ರೆಯಿಂದ ಹೊರಗೆ ಹೋದಳು. ಅಂಥವರಲ್ಲಿ ಬದುಕಿ ಉಳಿಯುವವರೇ ಕಡಿಮೆ ಎಂದು ಎಲ್ಲರೂ ಹೇಳಿದರು. ಆಸ್ಪತ್ರೆಗೆ ಹೆಮ್ಮೆಯಾಯಿತು.

ಹೆಮ್ಮೆಯ ಸಭೆಯೂ ನಡೆಯಿತು. ಸೂಪರಿಂಟೆಂಡೆಂಟ್ ವರದಿ ಓದಿದರು. 'ಮೊದಲ ಕ್ಷಣದಿಂದಲೇ ಗರ್ಭವನ್ನು ಎಡಕ್ಕೆ ಸರಿಸಲಾಯಿತು' ಎಂಬ ಸಾಲು ಬಂದಾಗ ತೂಕದಮ್ಮನ ಕಡೆ ನೋಡಿ ತಲೆದೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವವರೆಗೂ ಕಾದು ತೂಕದಮ್ಮ ಎದ್ದು ನಿಂತಳು.

"ಮೊದಲ ಕ್ಷಣದಿಂದ ಅಲ್ಲ ಸರ್. ಒಂದೂವರೆ ನಿಮಿಷ ಬಲಕ್ಕೆ ಎಳೆದಿದೀನಿ. ಆಮೇಲೆ ಎಡಕ್ಕೆ."

ಹೆಡ್ ಸಿಸ್ಟರ್ ತಮ್ಮ ಉಗುರು ನೋಡಿಕೊಂಡರು.

"ಗಾಬರೀಲಿ ಹಾಗನ್ನಿಸಿರುತ್ತೆ" ಎಂದರು ಸೂಪರಿಂಟೆಂಡೆಂಟ್.

"ಗಾಬರಿ ಆಗಿರಲಿಲ್ಲ ಸರ್. ಗಾಬರಿ ಆಗಿದ್ದಿದ್ರೆ ಒಂದ್ಸಲ ಯೋಚನೆ ಮಾಡ್ತಿದ್ದೆ. ಅಭ್ಯಾಸ ಇತ್ತು, ಅದಕ್ಕೇ ಕಿಟಕಿ ಕಡೆ ಹೋದೆ. ಆ ಪಟ್ಟೀಲಿ ಕಿಟಕಿ ಅಂತ ಇರೋದು ತೆಗೀಬೇಕು."

ಪಟ್ಟಿ ಮರುದಿನವೇ ಬದಲಾಯಿತು, ಅದಕ್ಕೆ ದೊಡ್ಡ ಡಾಕ್ಟರಮ್ಮ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ವರದಿ ಬದಲಾಗಲಿಲ್ಲ. ಸಭೆ ಮುಗಿದ ಮೇಲೆ ಸೂಪರಿಂಟೆಂಡೆಂಟ್ ತೂಕದಮ್ಮನನ್ನು ಕೋಣೆಗೆ ಕರೆಸಿಕೊಂಡು ಬಾಗಿಲು ಹಾಕಿದರು. ಮಗು ನಾವು ಶುರು ಮಾಡುವ ಮೊದಲೇ ಹೋಗಿತ್ತು ಎಂದು ಟೀಚರಿಗೆ ತಿಳಿಸಿಯಾಗಿದೆ, ಅದರಿಂದ ಆಕೆಗೂ ಸಮಾಧಾನ, ಆಸ್ಪತ್ರೆಗೂ ಸಮಾಧಾನ ಎಂದರು.

"ನೀವು ಅವರ ಹತ್ರ ಒಂದು ಮಾತೂ ಆಡೋ ಹಾಗಿಲ್ಲ. ಆಡಿದ್ರೆ ನಾಳೆಯಿಂದ ಬರಬೇಡಿ. ಎರಡು ವರ್ಷ ಇದೆ ನಿಮ್ಮ ನಿವೃತ್ತಿಗೆ, ನೆನಪಿರಲಿ."

ತೂಕದಮ್ಮ ನೆನಪಿಟ್ಟುಕೊಂಡಳು. ಹೊಟ್ಟೆಯ ಜಾಗಕ್ಕೆ ಇನ್ನೊಬ್ಬಳು ನರ್ಸನ್ನು ಹಾಕಿದರು. ಇನ್ನು ಮುಂದೆ ಗುರುವಾರ ಬರಬೇಕಿಲ್ಲ ಎಂದು ಹೆಡ್ ಸಿಸ್ಟರ್ ಬಂದು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಕಿಟಕಿ ಎಂದು ಬರೆಸಿದವರು ಅವರೇ. ತೂಕದಮ್ಮ ಅದನ್ನು ಎತ್ತಿ ಆಡಲಿಲ್ಲ. ಆದರೆ ಅವಳಿಗೆ ಬಹಳ ನೋವಾಯಿತು. ಗುರುವಾರ ತರಬೇತಿ ಕೋಣೆಯಿಂದ "ಎಡಕ್ಕೆ!" ಎಂಬ ಕೂಗು ಕೇಳಿದಾಗಲೆಲ್ಲ ಅವಳ ಕೈ ತಾನಾಗಿಯೇ ಮುಂದಕ್ಕೆ ಹೋಗುತ್ತಿತ್ತು.

ಒದ್ದದ್ದನ್ನು ಅವಳು ಸಭೆಯಲ್ಲಿ ಹೇಳಿರಲಿಲ್ಲ. ಅದು ಸಭೆಗೆ ಸೇರಿದ್ದಲ್ಲ ಎಂದು ಅವಳಿಗೆ ಅನ್ನಿಸಿತ್ತು. ಅದು ಯಾರಿಗೆ ಸೇರಿದ್ದು ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಟೀಚರಿಗೆ ಆಗ ಪ್ರಜ್ಞೆ ಇರಲಿಲ್ಲ. ಮಿಕ್ಕವರ ಕೈ ಬೇರೆ ಬೇರೆ ಕಡೆ ಇತ್ತು. ಆ ಮಗು ಕೊನೆಗೆ ಮಾಡಿದ ಒಂದೇ ಒಂದು ಕೆಲಸ ಲೋಕದಲ್ಲಿ ತೂಕದಮ್ಮನ ಅಂಗೈಗೆ ಮಾತ್ರ ಗೊತ್ತಿತ್ತು. ಅದನ್ನು ಹೇಳಬೇಕೆಂದರೆ ಆ ಅಂಗೈ ಆಗ ಎಲ್ಲಿತ್ತು ಎಂಬುದನ್ನೂ ಹೇಳಬೇಕು. ಮಗು ಮೊದಲೇ ಹೋಗಿತ್ತು ಎಂಬ ಸಮಾಧಾನವನ್ನೂ ಟೀಚರ ಕೈಯಿಂದ ಕಿತ್ತುಕೊಳ್ಳಬೇಕು. ಒಂದನ್ನು ಬಿಟ್ಟು ಒಂದನ್ನು ಹೇಳುವ ಉಪಾಯವನ್ನು ಅವಳು ಅನೇಕ ದಿನ ಯೋಚಿಸಿದಳು. ಅಂಥ ಉಪಾಯಗಳಲ್ಲಿ ಅವಳು ಮೊದಲಿಂದಲೂ ದಡ್ಡಿ.

ಗಂಡನಿಗೆ ಹೇಳಿದಳು. ಆತ ಒಂದೊಂದಾಗಿ ಸೂಜಿಗಳನ್ನು ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದ. ಅದರರ್ಥ ಮಾತಾಡುತ್ತಾನೆ ಎಂದು.

"ಅಳತೆ ತಪ್ಪಿ ಕತ್ತರಿಸಿದ್ರೆ ನಾನು ಯಾರಿಗೆ ಹೇಳ್ತೀನಿ?" ಎಂದ.

"ಬಟ್ಟೆ ಯಾರದೋ ಅವರಿಗೆ."

"ಬೈತಾರೆ."

"ಬೈತಾರೆ."

"ಹೋಗಿ ಬೈಸ್ಕೊಂಡು ಬಾ" ಎಂದು ಮತ್ತೆ ಸೂಜಿಗಳನ್ನು ಬಾಯಿಗಿಟ್ಟುಕೊಂಡ.

ಹೋಗುವ ಅಗತ್ಯ ಬರಲಿಲ್ಲ. ಆರು ವಾರದ ತಪಾಸಣೆಗೆ ಟೀಚರೇ ಬಂದಳು. ಹೆತ್ತವರನ್ನೂ ಆರನೆಯ ವಾರ ತೂಗಬೇಕೆಂಬುದು ನಿಯಮ, ಮಗುವಿದ್ದರೂ ಇಲ್ಲದಿದ್ದರೂ. ಸಾಲಿನಲ್ಲಿ ಅವಳ ಹಿಂದೆ ಮುಂದೆ ಎಲ್ಲರ ಮಡಿಲಲ್ಲೂ ಕೂಸುಗಳಿದ್ದವು. ಅವಳು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ತೂಕದಮ್ಮ ಸಾಲು ಮುರಿದು ಅವಳನ್ನು ಮೊದಲು ಒಳಗೆ ಕರೆದಳು. ಇಪ್ಪತ್ತೆಂಟು ವರ್ಷದಲ್ಲಿ ಅವಳು ಸಾಲು ಮುರಿದದ್ದು ಅದೇ ಮೊದಲು. ಹೊರಗೆ ಗೊಣಗಾಟ ಎದ್ದಿತು. ತೂಕದಮ್ಮ ಬಾಗಿಲು ಮುಂದಕ್ಕೆ ಹಾಕಿದಳು.

ಟೀಚರ್ ಚಪ್ಪಲಿ ಬಿಡಲಿಲ್ಲ, ಗಡಿಯಾರ ಬಿಚ್ಚಲಿಲ್ಲ. ಎಲ್ಲವನ್ನೂ ಹಾಕಿಕೊಂಡೇ ಯಂತ್ರದ ಮೇಲೆ ನಿಂತಳು.

"ಎಷ್ಟಾದ್ರೂ ಬರ್ಕೊಳ್ಳಿ" ಎಂದಳು.

ತೂಕದಮ್ಮ ಅಂಕಿ ನೋಡಲಿಲ್ಲ.

"ಕೆಳಗಿಳಿಯಮ್ಮ. ಕೂತ್ಕೋ. ನಿನಗೊಂದು ವಿಷಯ ಹೇಳ್ಬೇಕು. ಹೇಳಬಾರದು ಅಂತ ನನಗೆ ಹೇಳಿದಾರೆ."

ಟೀಚರ್ ಸ್ಟೂಲಿನ ಮೇಲೆ ಕೂತಳು. ತೂಕದಮ್ಮ ನಿಂತೇ ಇದ್ದಳು. ಅವಳು ಅಂಕಿ ಕೂಗುವ ದನಿಯಲ್ಲೇ, ಸ್ವಲ್ಪ ತಗ್ಗಿಸಿ ಹೇಳಿದಳು. ಬಸುರಿಯ ಹೊಟ್ಟೆಯನ್ನು ಎಡಕ್ಕೆ ಯಾಕೆ ಎಳೆಯಬೇಕು ಎಂದು ಹೇಳಿದಳು. ಅದು ತನ್ನ ಕೆಲಸ ಎಂದಳು. ಬೊಂಬೆಯ ಕೋಣೆ, ಕಿಟಕಿ, ಒಂಬತ್ತು ವರ್ಷ. ಇಲ್ಲಿ ತಲೆ ಹೀಗಿತ್ತು, ಕಾಲು ಹೀಗಿತ್ತು. ಒಂದೂವರೆ ನಿಮಿಷ ತಪ್ಪು ಕಡೆ ಎಳೆದೆ.

ಟೀಚರ್ ನೆಲವನ್ನೇ ನೋಡುತ್ತಿದ್ದಳು.

"ಸರಿ ಕಡೆ ಎಳೆದಿದ್ರೆ ಅವಳು ಬದುಕ್ತಿದ್ಲಾ?"

"ಗೊತ್ತಿಲ್ಲ. ದೊಡ್ಡ ಡಾಕ್ಟರಮ್ಮನ್ನ ಕೇಳಿದೆ. ಅವರಿಗೂ ಗೊತ್ತಿಲ್ಲ. ಇಲ್ಲ ಅಂತ ಹೇಳೋಕೆ ನನಗೆ ಬರಲ್ಲ."

"ಮೊದಲೇ ಹೋಗಿತ್ತು ಅಂದ್ರು."

"ಇಲ್ಲ. ಹೋಗಿರಲಿಲ್ಲ." ತೂಕದಮ್ಮ ಮುಂದುವರಿಸಿದಳು. "ಒಂದು ನಿಮಿಷ ಅಂತ ಸಿಸ್ಟರ್ ಹೇಳಿದ ಮೇಲೆ, ಒಂದೂವರೆ ಅನ್ನೋ ಮೊದಲು, ಒಂದ್ಸಲ ಒದ್ದಳು. ನನ್ನ ಕೈಗೆ."

ಟೀಚರ್ ತಲೆ ಎತ್ತಿದಳು. ಹೊರಗೆ ಯಾರದೋ ಕೂಸು ಅಳುತ್ತಿತ್ತು, ಯಾರೋ ಬಾಗಿಲು ತಟ್ಟಿದರು. ಇಬ್ಬರೂ ಅತ್ತ ನೋಡಲಿಲ್ಲ.

"ಯಾವ ಕೈಗೆ?"

ತೂಕದಮ್ಮ ಬಲಗೈ ಚಾಚಿದಳು. ಟೀಚರ್ ಆ ಕೈಯನ್ನು ಹಿಡಿದು ಅಂಗೈ ಮೇಲೆ ಮಾಡಿಕೊಂಡು ನೋಡಿದಳು. ಅವಳ ಹೆಬ್ಬೆರಳು ಅಂಗೈಯನ್ನು ಒತ್ತುತ್ತ ಹೋಗಿ ನಡುವೆ ನಿಂತಿತು.

"ಇಲ್ಲಾ?"

"ಇನ್ನೂ ಸ್ವಲ್ಪ ಕೆಳಗೆ. ಹಾಂ, ಅಲ್ಲಿ."

"ಜೋರಾಗಿ ಒದ್ದಳಾ?"

ಜೋರಾಗಿ ಎನ್ನುವುದು ಎಷ್ಟು ಸುಲಭವಿತ್ತು. ಆ ಮಾತು ತೂಕದಮ್ಮನ ನಾಲಿಗೆಯ ತುದಿಯವರೆಗೂ ಬಂತು.

"ಜೋರಾಗಿ ಅಲ್ಲಮ್ಮ. ಮೆಲ್ಲಗೆ. ಆದ್ರೆ ಒದ್ದಳು."

ಟೀಚರ್ ಅತ್ತಳು. ಮೈಯೆಲ್ಲ ಅಲುಗಾಡುವಂತೆ, ದನಿಯಿಲ್ಲದೆ, ಬಹಳ ಹೊತ್ತು ಅತ್ತಳು. ನಿಮ್ಮನ್ನು ಕ್ಷಮಿಸಿದೆ ಎಂದೂ ಹೇಳಲಿಲ್ಲ, ನಿಮ್ಮಿಂದ ಹೀಗಾಯಿತು ಎಂದೂ ಹೇಳಲಿಲ್ಲ. ಕೈಯನ್ನು ಮಾತ್ರ ಬಿಡಲಿಲ್ಲ. ಬಾಗಿಲು ತಟ್ಟುವ ಸದ್ದು ಮತ್ತೆ ಕೇಳಿಸಿತು. ಈ ಸಲ ಜೊತೆಗೆ ಬಂದದ್ದು ಸೂಪರಿಂಟೆಂಡೆಂಟರ ದನಿ. ಯಾಕೆ ಬಾಗಿಲು ಹಾಕಿದ್ದೀರಿ, ಒಳಗೆ ಯಾರಿದ್ದಾರೆ ಎಂದು ಕೇಳುತ್ತಿದ್ದರು. ತೂಕದಮ್ಮ ಅಗುಳಿ ಹಾಕಿದಳು.

"ಇನ್ನೊಂದ್ಸಲ ಹೇಳಿ" ಎಂದಳು ಟೀಚರ್. "ಮೊದಲಿಂದ."

ತೂಕದಮ್ಮ ಮೊದಲಿನಿಂದ ಹೇಳಿದಳು. ತಪ್ಪು ಕಡೆ ಎಳೆದದ್ದನ್ನು ಈ ಸಲವೂ ಬಿಡಲಿಲ್ಲ.